ಪ್ಯಾಂಜಿಯಾ ದತ್ತಾಂಶ ಉಗ್ರಾಣ: ಹುಡುಕಾಟ, ಉಲ್ಲೇಖ ಮತ್ತು ಕೆಲವು ತಕರಾರುಗಳು

ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ಪ್ರಾಜೆಕ್ಟ್ ವರದಿಗಳನ್ನು ಓದಿ ಅಂಕ ಕೊಡುವುದು ನನ್ನಂಥ ಅಧ್ಯಾಪಕರಿಗೆ ಪ್ರತಿವರ್ಷದ ಕೆಲಸ. ಹವಾಮಾನ, ಸಮುದ್ರ, ವಾಯುಮಾಲಿನ್ಯ ಕುರಿತ ವರದಿಗಳಲ್ಲಿ ಈಚೆಗೆ ಅಚ್ಚುಕಟ್ಟಾದ ಗ್ರಾಫುಗಳಿರುತ್ತವೆ, ಬಣ್ಣದ ನಕ್ಷೆಗಳಿರುತ್ತವೆ. ಅವುಗಳ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಆಕರ: ಅಂತರಜಾಲ' ಎಂದು ಬರೆದಿರುತ್ತದೆ. ಮನೆಯ ವಿಳಾಸ ಕೇಳಿದವರಿಗೆ 'ಕರ್ನಾಟಕ' ಎಂದು ಹೇಳಿದ ಹಾಗಾಯಿತು ಇದು. ಸುಳ್ಳೇನಲ್ಲ. ಆದರೆ ಆ ವಿಳಾಸ ಹಿಡಿದುಕೊಂಡು ಯಾವ ಅಂಚೆಯಣ್ಣನೂ ನಿಮ್ಮ ಬಾಗಿಲಿಗೆ ಬರಲಾರ.

ವಿಜ್ಞಾನ ಪತ್ರಿಕೆಗಳಲ್ಲಿ ಪುಸ್ತಕಗಳ ವಿಮರ್ಶೆ ಬರುತ್ತದೆ, ಉಪಕರಣಗಳ ಪರಿಚಯ ಬರುತ್ತದೆ. ದತ್ತಾಂಶದ ಕ್ಯಾಟಲಾಗುಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಪರಿಸರ ವಿಜ್ಞಾನದ ಸಂಶೋಧನೆಯಲ್ಲಿ ಬಹುಪಾಲು ಈಗ ಅಂಥ ಕ್ಯಾಟಲಾಗುಗಳ ಮೇಲೆ ನಿಂತಿರುವಾಗ ಈ ಮೌನ ಸರಿಯಲ್ಲ. ಆದ್ದರಿಂದ ಅವುಗಳಲ್ಲಿ ಹೆಸರಾದ ಒಂದನ್ನು, 'ಪ್ಯಾಂಜಿಯಾ'ವನ್ನು, ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ನನ್ನ ಅಳತೆಗೋಲು ಒಂದೇ: ನಿಮ್ಮ ವರದಿಯಲ್ಲಿರುವ ಉಲ್ಲೇಖವನ್ನು ಹಿಡಿದು, ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಹತ್ತು ವರ್ಷದ ಬಳಿಕ ಹೊರಟರೆ, ನೀವು ಬಳಸಿದ ಅವೇ ಅಂಕಿಗಳನ್ನು ಅವರು ತಲುಪಬಲ್ಲರೇ? ತಲುಪಲಾಗದಿದ್ದರೆ ನಿಮ್ಮ ಗ್ರಾಫು ಪುರಾವೆಯಲ್ಲ, ಚಿತ್ರ.

ಉಗ್ರಾಣದ ಪರಿಚಯ

ಖಂಡಗಳು ಚಲಿಸುತ್ತವೆ ಎಂಬ ವಾದವನ್ನು 1912ರಲ್ಲಿ ಮಂಡಿಸಿದ ಆಲ್‌ಫ್ರೆಡ್ ವೆಗೆನರ್ ಅವರ ಹೆಸರು ನಿಮಗೆ ಗೊತ್ತು. ಇಂದಿನ ಖಂಡಗಳೆಲ್ಲ ಒಂದಾಗಿದ್ದ ಪ್ರಾಚೀನ ಮಹಾಖಂಡಕ್ಕೆ ಪ್ಯಾಂಜಿಯಾ ಎಂದು ಹೆಸರು. ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ವೆಗೆನರ್ ಹೆಸರಿನ ಧ್ರುವ ಮತ್ತು ಸಾಗರ ಸಂಶೋಧನ ಸಂಸ್ಥೆಯಿದೆ. ಆ ಸಂಸ್ಥೆ ಮತ್ತು ಬ್ರೆಮೆನ್ ವಿಶ್ವವಿದ್ಯಾನಿಲಯದ ಸಾಗರ ಪರಿಸರ ವಿಜ್ಞಾನ ಕೇಂದ್ರ 'ಮಾರುಮ್' ಸೇರಿ ನಡೆಸುತ್ತಿರುವ ದತ್ತಾಂಶ ಉಗ್ರಾಣಕ್ಕೂ ಅದೇ ಹೆಸರು. 1990ರ ದಶಕದಿಂದ ಬೆಳೆಯುತ್ತ ಬಂದ ಇದರಲ್ಲಿ ಈಗ 4 ಲಕ್ಷಕ್ಕೂ ಹೆಚ್ಚು ದತ್ತಾಂಶ ಸಂಗ್ರಹಗಳಿವೆ. ಸಮುದ್ರತಳದ ಕೆಸರು, ಹಿಮಗಡ್ಡೆ, ಸಮುದ್ರದ ನೀರಿನ ಉಷ್ಣತೆ ಮತ್ತು ಲವಣಾಂಶ, ವಾತಾವರಣದ ವಿಕಿರಣ, ಪ್ಲಾಂಕ್ಟನ್ ಜೀವಿಗಳ ಎಣಿಕೆ ಹೀಗೆ ಭೂಮಿಗೂ ಪರಿಸರಕ್ಕೂ ಸಂಬಂಧಿಸಿದ್ದೆಲ್ಲ ಇಲ್ಲಿಗೆ ಬರುತ್ತದೆ. ಬಹುಪಾಲು ಸಂಗ್ರಹಗಳನ್ನು ಹೆಸರು ನೋಂದಾಯಿಸದೆ, ಹಣ ಕೊಡದೆ ನಿಮ್ಮ ಗಣಕಯಂತ್ರಕ್ಕೆ ಇಳಿಸಿಕೊಳ್ಳಬಹುದು. ಕೆಲವಕ್ಕೆ ಮಾತ್ರ, ಅವನ್ನು ಸಂಗ್ರಹಿಸಿದವರ ಲೇಖನ ಪ್ರಕಟವಾಗುವವರೆಗೆ, ಬೀಗವಿರುತ್ತದೆ.

ಉಗ್ರಾಣ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಒಳ್ಳೆಯ ಉಗ್ರಾಣದಲ್ಲಿ ಉಗ್ರಾಣಿ ಇರುತ್ತಾನೆ. ಇಲ್ಲಿಯೂ ಸಂಪಾದಕರಿದ್ದಾರೆ. ಬಂದ ಕೋಷ್ಟಕಗಳನ್ನು ಅವರು ನೋಡಿ, ಪ್ರತಿ ಅಂಕಣಕ್ಕೂ ಅಳತೆಯ ಹೆಸರು, ಏಕಮಾನ, ವಿಧಾನ ಇದೆಯೇ ಎಂದು ಪರಿಶೀಲಿಸಿ ಒಳಗೆ ಇಡುತ್ತಾರೆ. ದತ್ತಾಂಶದ ಕುರಿತಾದ ಈ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿರದಿದ್ದರೆ ಒಳಗಿರುವುದು ಉಪ್ಪೋ ಸೋಡಾಪುಡಿಯೋ ಎಂದು ಬಾಯಿಗೆ ಹಾಕಿಯೇ ನೋಡಬೇಕು. ಅಂಕಿಗಳ ವಿಷಯದಲ್ಲಿ ಆ ಅನುಕೂಲವೂ ಇಲ್ಲ. ಎಲ್ಲ ಅಂಕಿಗಳ ರುಚಿಯೂ ಒಂದೇ.

ಅರಬ್ಬಿ ಸಮುದ್ರದಲ್ಲಿ ಹುಡುಕಾಟ

ಒಂದು ಉದಾಹರಣೆ ಹಿಡಿದು ಹೊರಡೋಣ. ನಮ್ಮ ಮುಂಗಾರಿನ ಹಳೆಯ ಚರಿತ್ರೆಯ ದೊಡ್ಡ ಭಾಗ ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿ ಅಡಗಿದೆ. ನೈಋತ್ಯ ಮಾರುತಗಳು ಜೋರಾಗಿದ್ದಾಗ ಆಳದ ಪೋಷಕಾಂಶಭರಿತ ನೀರು ಮೇಲೆ ಬರುತ್ತದೆ, ಪ್ಲಾಂಕ್ಟನ್ ಹೆಚ್ಚುತ್ತದೆ, ತಳಕ್ಕೆ ಬೀಳುವ ಸಾವಯವ ಇಂಗಾಲವೂ ಹೆಚ್ಚುತ್ತದೆ. 1993ರಲ್ಲಿ ಜರ್ಮನಿಯ ಸಂಶೋಧನ ನೌಕೆ 'ಸೊನ್ನೆ' ಪಾಕಿಸ್ತಾನದ ಕರಾವಳಿಯಾಚೆ ಇಂಥ ಕೆಸರಿನ ಉದ್ದನೆಯ ಕಂಬಗಳನ್ನು ಎತ್ತಿ ತಂದಿತು. (ಸೊನ್ನೆ ಎಂದರೆ ಜರ್ಮನ್ ಭಾಷೆಯಲ್ಲಿ ಸೂರ್ಯ, ನಮ್ಮ ಪೂಜ್ಯವಲ್ಲ.) ಅವುಗಳ ಆಧಾರದಿಂದ ಹಾರ್ಟ್‌ಮುಟ್ ಶುಲ್ಜ್, ಉಲ್ರಿಕ್ ಫಾನ್ ರಾಡ್ ಮತ್ತು ಹೆಲ್ಮುಟ್ ಎರ್ಲೆನ್‌ಕೊಯ್ಸರ್ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದು, ಕಳೆದ 1,10,000 ವರ್ಷಗಳಲ್ಲಿ ಅರಬ್ಬಿ ಸಮುದ್ರದ ಏರಿಳಿತಗಳು ದೂರದ ಗ್ರೀನ್‌ಲೆಂಡಿನ ಉಷ್ಣತೆಯ ಏರಿಳಿತಗಳೊಂದಿಗೆ ಹೊಂದಿಕೊಳ್ಳುತ್ತವೆ ಎಂದು ತೋರಿಸಿದರು. ಈಗ ಬಹಳ ಉದ್ಧರಿಸಲ್ಪಡುವ ಲೇಖನ ಅದು. 2015ರಲ್ಲಿ ಅಂತರರಾಷ್ಟ್ರೀಯ ಸಾಗರ ಕೊರೆತ ಕಾರ್ಯಕ್ರಮದ 355ನೆಯ ಯಾನ ಭಾರತದ ಪಶ್ಚಿಮ ಕರಾವಳಿಯಾಚೆಯ ಲಕ್ಷ್ಮೀ ಜಲಾನಯನದಲ್ಲಿ ಎರಡು ಕಡೆ ಕೊರೆಯಿತು. ಗೋವೆಯ ಧ್ರುವ ಸಂಶೋಧನ ಕೇಂದ್ರದ ಧನಂಜಯ ಪಾಂಡೆ ಅದರ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು.

ಈಗ ಹುಡುಕಾಟದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಅರೇಬಿಯನ್ ಸೀ' ಎಂದಷ್ಟೇ ಬರೆದು ಗುಂಡಿ ಒತ್ತಿ. ಪುಟಗಟ್ಟಲೆ ಫಲಿತಾಂಶ ಬರುತ್ತದೆ. ಇಲ್ಲಿಂದ ನನ್ನ ತಕರಾರುಗಳು ಶುರು.

ಮೊದಲನೆಯದು, ಪ್ಯಾಂಜಿಯಾ ಒಂದೇ ಕೆಸರಿನ ಕಂಬದ ಬೇರೆ ಬೇರೆ ಅಳತೆಗಳನ್ನು ಬೇರೆ ಬೇರೆ ಸಂಗ್ರಹಗಳಾಗಿ ಇಟ್ಟಿರುತ್ತದೆ. ಇಂಗಾಲದ ಪ್ರಮಾಣ ಒಂದು ಕೋಷ್ಟಕ, ಆಮ್ಲಜನಕದ ಐಸೊಟೋಪು ಇನ್ನೊಂದು, ರೇಡಿಯೊಕಾರ್ಬನ್ ವಯಸ್ಸು ಮತ್ತೊಂದು. ಇವೆಲ್ಲಕ್ಕೂ ಸೇರಿ ಒಂದು ತಾಯಿ-ದಾಖಲೆ ಇರುತ್ತದೆ, ಮಕ್ಕಳಿಗೂ ತಾಯಿಗೂ ಪ್ರತ್ಯೇಕ ಗುರುತುಸಂಖ್ಯೆ ಇರುತ್ತದೆ. ಅರಿಯದವರು ನಲವತ್ತು ಫಲಿತಾಂಶಗಳನ್ನು ನಲವತ್ತು ಅಧ್ಯಯನಗಳೆಂದು ಎಣಿಸಿಬಿಡುತ್ತಾರೆ. ಪಟ್ಟಿಯಲ್ಲಿ ತಾಯಿ ಯಾರು, ಮಗು ಯಾರು ಎಂಬುದು ಒಂದೇ ನೋಟಕ್ಕೆ ತಿಳಿಯುವಂತಿರಬೇಕಿತ್ತು. ಎಲ್ಲ ಕೋಷ್ಟಕಗಳನ್ನೂ ಬಳಸಿದ್ದರೆ ತಾಯಿಯನ್ನು ಉಲ್ಲೇಖಿಸಿ. ಒಂದನ್ನೇ ಬಳಸಿದ್ದರೆ ಆ ಮಗುವನ್ನೇ ಹೆಸರಿಸಿ.

ಎರಡನೆಯದು ಹೆಸರುಗಳ ತೊಡಕು. ಇದು ಪ್ಯಾಂಜಿಯಾದ ತಪ್ಪೆನ್ನುವುದಕ್ಕಿಂತ ಪ್ರಪಂಚದ ತಪ್ಪು. ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರಿನಲ್ಲಿ ಅಧಿಕೃತವಾಗಿ ಬದಲಾಯಿತು. ಹಳೆಯ ನೌಕಾಯಾನದ ದಾಖಲೆಗಳಲ್ಲಿ ಹಳೆಯ ಕಾಗುಣಿತವೇ ಇರುತ್ತದೆ, ಹೊಸದರಲ್ಲಿ ಹುಡುಕಿದರೆ ಅವು ಸಿಕ್ಕುವುದಿಲ್ಲ. ಆದ್ದರಿಂದ ಸ್ಥಳದ ಹೆಸರಿನಿಂದ ಹುಡುಕಬೇಡಿ. ನಕ್ಷೆಯ ಮೇಲೆ ಚೌಕ ಎಳೆದು ಅಕ್ಷಾಂಶ-ರೇಖಾಂಶದಿಂದ ಹುಡುಕುವ ಸೌಲಭ್ಯವಿದೆ. ಉಗ್ರಾಣದ ಅತ್ಯುತ್ತಮ ಗುಣ ಅದೇ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ನಿಮ್ಮ ಹಳೆಯ ನಕ್ಷೆಯಲ್ಲಿ 12 ಡಿಗ್ರಿ 50 ಮಿನಿಟು ಎಂದಿರುವುದನ್ನು 12.50 ಎಂದು ತುಂಬಿದಿರೋ, ಸುಮಾರು 37 ಕಿಲೋಮೀಟರು ದಕ್ಷಿಣಕ್ಕೆ ಹೋದಿರಿ. ಸರಿಯಾದ ದಶಮಾಂಶ 12.83.

ಮೂರನೆಯದು ಅಳತೆಗಳ ಹೆಸರು. 'ಉಷ್ಣತೆ' ಎಂದು ಹುಡುಕಿದರೆ ನೀರಿನ ನಿಜವಾದ ಉಷ್ಣತೆ, ಒತ್ತಡದ ಪರಿಣಾಮವನ್ನು ಕಳೆದ ಉಷ್ಣತೆ, ಉಪಗ್ರಹ ಕಂಡ ವಿಕಿರಣದಿಂದ ಲೆಕ್ಕಹಾಕಿದ ಉಷ್ಣತೆ ಎಲ್ಲವೂ ಒಟ್ಟಿಗೆ ಬಂದು ಕುಳಿತುಕೊಳ್ಳುತ್ತವೆ. ಆಮ್ಲಜನಕದ ಐಸೊಟೋಪುಗಳ ವಿಷಯ ಇನ್ನೂ ಸೂಕ್ಷ್ಮ. ಚಿಪ್ಪುಗಳಲ್ಲಿ ಅಳೆದುದನ್ನು ಒಂದು ಮಾನಕಕ್ಕೆ, ನೀರಿನಲ್ಲಿ ಅಳೆದುದನ್ನು ಇನ್ನೊಂದು ಮಾನಕಕ್ಕೆ ಹೋಲಿಸಿ ಹೇಳುವುದು ರೂಢಿ. ಈ ಎರಡು ಮಾನಕಗಳ ನಡುವೆ ಸಾವಿರಕ್ಕೆ ಸುಮಾರು 31ರಷ್ಟು ಅಂತರವಿದೆ. ಹಿಮಯುಗಕ್ಕೂ ಇಂದಿಗೂ ನಡುವೆ ಸಮುದ್ರದ ನೀರಿನಲ್ಲಾದ ಬದಲಾವಣೆಯಾದರೋ ಸಾವಿರಕ್ಕೆ ಒಂದರಷ್ಟು ಮಾತ್ರ. ಅಂಕಣದ ತಲೆಬರಹ ಓದದೆ ಎರಡು ಕೋಷ್ಟಕಗಳನ್ನು ಜೋಡಿಸಿದವರು ಮೂವತ್ತು ಹಿಮಯುಗಗಳನ್ನು ಒಂದೇ ಮಧ್ಯಾಹ್ನ ಕಂಡುಹಿಡಿದಾರು!

ಇನ್ನು ವಯಸ್ಸಿನ ಅಂಕಣ. ಕೆಸರಿನ ಕಂಬದಲ್ಲಿ ಆಳ ಎಂಬುದು ಅಳತೆ, ವಯಸ್ಸು ಎಂಬುದು ವ್ಯಾಖ್ಯಾನ. ರೇಡಿಯೊಕಾರ್ಬನ್ ಅಳತೆಯನ್ನು ವರ್ಷಗಳಿಗೆ ಪರಿವರ್ತಿಸುವ ಅಂತರರಾಷ್ಟ್ರೀಯ ಮಾನಕ ವಕ್ರರೇಖೆ 2004, 2009, 2013, 2020ರಲ್ಲಿ ಪರಿಷ್ಕೃತವಾಗಿದೆ. ಹಾಗಾಗಿ 1998ರ ಕೋಷ್ಟಕದಲ್ಲಿರುವ ವಯಸ್ಸನ್ನೂ 2021ರ ಕೋಷ್ಟಕದಲ್ಲಿರುವ ವಯಸ್ಸನ್ನೂ ನೇರವಾಗಿ ಪಕ್ಕಪಕ್ಕ ಇಡುವಂತಿಲ್ಲ. ಆಳದ ಅಂಕಣ ಮಾತ್ರ ಅಂದಿನಂತೆಯೇ ಇದೆ, ಅದರಿಂದ ವಯಸ್ಸನ್ನು ಮತ್ತೆ ಲೆಕ್ಕಹಾಕಬಹುದು. ಪ್ಯಾಂಜಿಯಾದಲ್ಲಿ ಕೆಸರಿನ ಕೋಷ್ಟಕಗಳು ಸಾಮಾನ್ಯವಾಗಿ ಆಳವನ್ನು ಉಳಿಸಿಕೊಂಡಿರುತ್ತವೆ. ಈ ಒಂದು ಕಾರಣಕ್ಕೇ ನಾನು ಈ ಉಗ್ರಾಣಕ್ಕೆ ಧಾರಾಳವಾಗಿ ಅಂಕ ಕೊಡುತ್ತೇನೆ.

ನಕ್ಷೆಯನ್ನು ಒಮ್ಮೆ ದೂರದಿಂದ ನೋಡಿ. ಸಮುದ್ರದಲ್ಲಿ ಚುಕ್ಕೆಗಳು ದಟ್ಟವಾಗಿವೆ, ಪಶ್ಚಿಮ ಘಟ್ಟದ ಕಡೆಗೆ ಬಂದರೆ ವಿರಳ. ಘಟ್ಟದಲ್ಲಿ ಅಳೆಯುವಂಥದ್ದೇನೂ ಇಲ್ಲವೆಂದಲ್ಲ. ಸಂಶೋಧನ ನೌಕೆಗಳು ಎಲ್ಲಿ ಓಡಾಡಿದವು, ಯಾರಿಗೆ ದತ್ತಾಂಶವನ್ನು ಒಪ್ಪಿಸುವ ಅಭ್ಯಾಸವಿದೆ ಎಂಬುದರ ನಕ್ಷೆ ಅದು. ಕ್ಯಾಟಲಾಗಿನಲ್ಲಿ ಸಿಕ್ಕಲಿಲ್ಲ ಎಂಬುದರಿಂದ ಪ್ರಕೃತಿಯಲ್ಲಿ ಇಲ್ಲವೆಂದೋ, ಯಾರೂ ಅಳೆದಿಲ್ಲವೆಂದೋ ತೀರ್ಮಾನಿಸಬೇಡಿ.

ಉಲ್ಲೇಖ ಎಂದರೇನು?

ಪ್ಯಾಂಜಿಯಾದ ಪ್ರತಿ ಪುಟದ ತಲೆಯಲ್ಲೇ ಸಿದ್ಧ ಉಲ್ಲೇಖವಿದೆ: ದತ್ತಾಂಶದ ಲೇಖಕರು, ವರ್ಷ, ಶೀರ್ಷಿಕೆ, ದತ್ತಾಂಶ ಎಂಬ ಸೂಚನೆ, ಪ್ರಕಾಶಕರಾಗಿ ಪ್ಯಾಂಜಿಯಾ, ಕೊನೆಗೆ 10.1594 ಎಂದು ಆರಂಭವಾಗುವ ಡಿಒಐ. ಡಿಒಐ ಎಂಬುದು ಡಿಜಿಟಲ್ ವಸ್ತುವಿಗೆ ಕೊಟ್ಟ ಶಾಶ್ವತ ಗುರುತು. ಜಾಲವಿಳಾಸ ಮನೆಯಿದ್ದ ಹಾಗೆ, ಬದಲಾಗಬಹುದು. ಡಿಒಐ ಹೆಸರಿದ್ದ ಹಾಗೆ. ಮನೆ ಬದಲಾದಾಗ ಹೊಸ ವಿಳಾಸವನ್ನು ಡಿಒಐ ವ್ಯವಸ್ಥೆಯ ದಾಖಲೆಯಲ್ಲಿ ಒಮ್ಮೆ ತಿದ್ದಿದರೆ ಸಾಕು, ಹಳೆಯ ಲೇಖನಗಳಲ್ಲಿರುವ ಉಲ್ಲೇಖಗಳೆಲ್ಲ ಹೊಸ ಮನೆಗೇ ಕರೆದೊಯ್ಯುತ್ತವೆ. ದತ್ತಾಂಶಕ್ಕೆ ಡಿಒಐ ಕೊಡುವ ಕೆಲಸವನ್ನು ಪ್ರಪಂಚದಾದ್ಯಂತ ಹೊಂದಿಸಲು 'ಡೇಟಾಸೈಟ್' ಎಂಬ ಸಂಸ್ಥೆ 2009ರಲ್ಲಿ ಹುಟ್ಟಿತು.

ಇದು ಬರಿಯ ಶಿಷ್ಟಾಚಾರವಲ್ಲ. ಗೋವೆಯ ದಕ್ಷಿಣ ತುದಿಯಲ್ಲಿ, ನಮ್ಮ ಕಾರವಾರಕ್ಕೆ ಹತ್ತಿರದಲ್ಲೇ, ಕಾಬೊ ದೆ ರಾಮ ಎಂಬ ಭೂಶಿರವಿದೆ. 1993ರಿಂದ ಅಲ್ಲಿನ ಗಾಳಿಯನ್ನು ಗಾಜಿನ ಸೀಸೆಗಳಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೆ ಕಳುಹಿಸಿ ಇಂಗಾಲದ ಡೈಆಕ್ಸೈಡನ್ನು ಅಳೆಯಲಾಗುತ್ತಿತ್ತು. ಭಾರತದ ಮಟ್ಟಿಗೆ ಅಮೂಲ್ಯವಾದ ದಾಖಲೆ. ಇಂಥ ಹಲವು ದಾಖಲೆಗಳನ್ನು ಹಂಚುತ್ತಿದ್ದುದು ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಇಂಗಾಲದ ಡೈಆಕ್ಸೈಡ್ ಮಾಹಿತಿ ಕೇಂದ್ರ. 1982ರಲ್ಲಿ ಆರಂಭವಾದ ಆ ಕೇಂದ್ರವನ್ನು 2017ರ ಸೆಪ್ಟೆಂಬರ್ 30ರಂದು ಮುಚ್ಚಿದರು. ದತ್ತಾಂಶ ಬರ್ಕ್ಲಿ ಪ್ರಯೋಗಾಲಯದ ಹೊಸ ಉಗ್ರಾಣವೇ ಮೊದಲಾದ ಕಡೆಗಳಿಗೆ ಹೋಯಿತು. ಮೂವತ್ತೈದು ವರ್ಷ ನಡೆದ ಸಂಸ್ಥೆಯ ಬಾಗಿಲೂ ಮುಚ್ಚಬಹುದು. ಅದರ ಪುಟದ ಜಾಲವಿಳಾಸವನ್ನಷ್ಟೇ ನಕಲು ಮಾಡಿದ್ದವರ ಉಲ್ಲೇಖಗಳ ಗತಿ ಏನಾಗಿರಬಹುದು, ಯೋಚಿಸಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆಯು ಶತಕೋಟಿ ಡಾಲರಿಗೂ ಮೀರಿ ನಷ್ಟ ತಂದ ವಿಕೋಪಗಳ ತನ್ನ ದತ್ತಸಂಚಯವನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಪ್ರಕಟಿಸಿತು. ಅದು ಕೂಡ ಎಷ್ಟೋ ಮಂದಿ ದಿನನಿತ್ಯ ಉಲ್ಲೇಖಿಸುತ್ತಿದ್ದ ಆಕರ.

ಒಂದೇ ಕಡತ, ಬೇರೆ ಅಂಕಿ

ಆದರೆ ಡಿಒಐ ಇದ್ದರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಅದು ಬಾಗಿಲಿನವರೆಗೆ ಕರೆದೊಯ್ಯುತ್ತದೆ, ಅಷ್ಟೆ. ಒಳಗಿನ ಸಾಮಾನು ಅದೇ ಇದೆಯೇ ಎಂಬುದು ಬೇರೆ ಪ್ರಶ್ನೆ.

ಹವಾಯಿ ದ್ವೀಪದ ಮೌನಾ ಲೋವಾದ ಇಂಗಾಲದ ಡೈಆಕ್ಸೈಡ್ ದಾಖಲೆಗಿಂತ ಪ್ರಸಿದ್ಧವಾದ ಪರಿಸರ ದತ್ತಾಂಶ ಇನ್ನೊಂದಿಲ್ಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚಿನಲ್ಲಿ ಆರಂಭಿಸಿದ್ದು ಅದು. ಸ್ಕ್ರಿಪ್ಸ್ ಸಂಸ್ಥೆಯ ಆ ಅಳತೆಯ ಜತೆಗೆ 1974ರಿಂದ ಮೇಲೆ ಹೇಳಿದ ಅಮೆರಿಕದ ಆಡಳಿತ ಸಂಸ್ಥೆ ತನ್ನದೇ ಅಳತೆಯನ್ನೂ ಅಲ್ಲೇ ನಡೆಸುತ್ತಿದೆ. ಎಂದರೆ 'ಮೌನಾ ಲೋವಾ ದತ್ತಾಂಶ' ಎಂದರೆ ಯಾರದು ಎಂದು ಮೊದಲು ಹೇಳಬೇಕು. ಮುಖ್ಯ ವಿಷಯ ಅದಲ್ಲ. 2021ರ ಫೆಬ್ರವರಿಯಲ್ಲಿ ಆಡಳಿತ ಸಂಸ್ಥೆಯ ಕಡತದ ಅಂಕಿಗಳೆಲ್ಲ, ಹಳೆಯವೂ ಸೇರಿ, ಬದಲಾದವು. ವಿಶ್ವ ಹವಾಮಾನ ಸಂಸ್ಥೆಯ ಮಾನಕ ಅನಿಲಗಳ ಮೌಲ್ಯವನ್ನು ಹೆಚ್ಚು ನಿಖರವಾಗಿ ನಿಗದಿಮಾಡಿ 2007ರ ಮಾಪಕದಿಂದ 2019ರ ಮಾಪಕಕ್ಕೆ ಸಾಗಿದ್ದರಿಂದ ಆದ ಬದಲಾವಣೆ ಇದು. 400 ಪಿಪಿಎಂ, ಅಂದರೆ ದಶಲಕ್ಷದಲ್ಲಿ 400 ಭಾಗ, ಇದ್ದಲ್ಲಿ ಅಂತರ 0.2ಕ್ಕಿಂತ ಸ್ವಲ್ಪ ಕಡಿಮೆ. ಚಿಕ್ಕದೆಂದು ನಗಬೇಡಿ. ಈಗಿನ ಏರಿಕೆ ವರ್ಷಕ್ಕೆ ಸುಮಾರು 2.5 ಪಿಪಿಎಂ, ಆ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಒಂದು ತಿಂಗಳ ಏರಿಕೆ. 2020ರವರೆಗೆ ಹಳೆಯ ಕಡತ, ಆಮೇಲೆ ಹೊಸ ಕಡತ ಎಂದು ಅಂಟಿಸಿದವರ ಗ್ರಾಫಿನಲ್ಲಿ ಇಲ್ಲದ ಮೆಟ್ಟಿಲೊಂದು ಮೂಡುತ್ತದೆ. ಆ ಮೆಟ್ಟಿಲಿಗೆ ಕೊರೋನಾ ಕಾಲದ ಲಾಕ್‌ಡೌನನ್ನು ಕಾರಣ ಮಾಡಿ ಬರೆದ ವರದಿಯೊಂದು ನನ್ನ ಮೇಜಿಗೆ ಬಂದಿತ್ತು. ಏರುಮುಖದ ಮೆಟ್ಟಿಲಿಗೆ ವಾಹನಗಳು ನಿಂತದ್ದು ಹೇಗೆ ಕಾರಣವಾದೀತು ಎಂಬ ಪ್ರಶ್ನೆಯನ್ನು ಮಾರ್ಗದರ್ಶಕರೂ ಕೇಳಿರಲಿಲ್ಲ. ಕಡತವನ್ನು ಯಾವ ದಿನ ಇಳಿಸಿಕೊಂಡದ್ದು, ಯಾವ ಮಾಪಕದ್ದು ಎಂದು ಒಂದು ಸಾಲು ಬರೆದಿದ್ದರೆ ಕಾರಣ ಅವರಿಗೇ ಹೊಳೆಯುತ್ತಿತ್ತು.

ಇದೇ ಕಡತದ ತಲೆಯಲ್ಲಿ ಕೆಲವು ವಿವರಣೆಯ ಸಾಲುಗಳಿರುತ್ತವೆ. 2022ರ ನವೆಂಬರಿನ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿ ಬಾಯ್ದೆರೆದು ರಸ್ತೆ, ವಿದ್ಯುತ್ತು ಕಡಿದುಹೋದವು; ಅನಂತರದ ಕೆಲವು ತಿಂಗಳ ಅಳತೆ ನಡೆದದ್ದು ಪಕ್ಕದ ಮೌನಾ ಕಿಯಾ ಶಿಖರದಲ್ಲಿ. ಈ ಸಂಗತಿ ಆ ಸಾಲುಗಳಲ್ಲಿದೆ. ಎಕ್ಸೆಲ್‌ಗೆ ಹಾಕುವಾಗ ನಾವು ಮೊದಲು ಅಳಿಸಿಹಾಕುವುದು ಅವನ್ನೇ.

ಪ್ಯಾಂಜಿಯಾ ಈ ಸಮಸ್ಯೆಯನ್ನು ಒಂದು ರೀತಿಯಲ್ಲಿ ಬಗೆಹರಿಸಿದೆ. ಪ್ರಕಟವಾದ ಕೋಷ್ಟಕವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬದಲಾವಣೆ ಬೇಕಾದರೆ ಹೊಸ ಆವೃತ್ತಿ, ಅದಕ್ಕೆ ಹೊಸ ಡಿಒಐ. ಮುಗಿದುಹೋದ ನೌಕಾಯಾನದ ದತ್ತಾಂಶಕ್ಕೆ ಇದು ಸರಿಯಾದ ನಿಯಮ. ದಿನದಿನವೂ ಬೆಳೆಯುವ ದತ್ತಾಂಶಕ್ಕೆ ಹೊಂದುವುದಿಲ್ಲ. ಅಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಆರ್ಗೋ ಯೋಜನೆಯ ಉಪಾಯ. ಸಮುದ್ರದಲ್ಲಿ ಮುಳುಗೇಳುತ್ತ ಉಷ್ಣತೆ, ಲವಣಾಂಶಗಳನ್ನು ಅಳೆಯುವ ಸುಮಾರು 4,000 ತೇಲುಯಂತ್ರಗಳ ಅಂತರರಾಷ್ಟ್ರೀಯ ಜಾಲ ಅದು. ಭಾರತದ ಪಾಲನ್ನು ಹೈದರಾಬಾದಿನ ಇನ್‌ಕಾಯಿಸ್ ನೋಡಿಕೊಳ್ಳುತ್ತದೆ. ಇಡೀ ಸಂಗ್ರಹಕ್ಕೆ ಒಂದೇ ಡಿಒಐ, ಆದರೆ ಪ್ರತಿ ತಿಂಗಳೂ ಅದರ ಪೂರ್ಣ ಪ್ರತಿಯನ್ನು ತೆಗೆದಿಟ್ಟು, ಡಿಒಐಗೆ ಬಾಲದಂತೆ ಒಂದು ಸಂಖ್ಯೆ ಸೇರಿಸುತ್ತಾರೆ. ನೀವು ಬಳಸಿದ್ದು ಯಾವ ತಿಂಗಳ ಪ್ರತಿ ಎಂಬುದು ಬಾಲದಿಂದ ತಿಳಿಯುತ್ತದೆ.

ಆರ್ಗೋ ದತ್ತಾಂಶದಲ್ಲಿ ಪ್ರತಿ ಅಳತೆಯ ಪಕ್ಕದಲ್ಲೂ ಗುಣಮಟ್ಟದ ಗುರುತಿರುತ್ತದೆ: 1 ಎಂದರೆ ಒಳ್ಳೆಯದು, 4 ಎಂದರೆ ಕೆಟ್ಟದ್ದು. ಕೆಟ್ಟದ್ದನ್ನು ಅಳಿಸದೆ ಗುರುತು ಹಾಕಿ ಉಳಿಸುವುದೇಕೆ ಎಂದು ಕೇಳುವವರು ಓಜೋನ್ ರಂಧ್ರದ ಕಥೆಯನ್ನು ನೆನೆಯಬೇಕು. 1985ರ ಮೇ ತಿಂಗಳಲ್ಲಿ ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಅಂಟಾರ್ಕ್ಟಿಕದ ಹ್ಯಾಲಿ ಬೇ ನೆಲೆಯ ಅಳತೆಗಳಿಂದ ಓಜೋನ್ ಕುಸಿತವನ್ನು ಪ್ರಕಟಿಸಿದರು. ನಿಂಬಸ್-7 ಉಪಗ್ರಹದ ಗಣಕಯಂತ್ರ ಆ ಕಡಿಮೆ ಅಂಕಿಗಳನ್ನು ಎಸೆದುಬಿಟ್ಟಿತ್ತು ಎಂಬುದು ಜನಪ್ರಿಯ ಕಥೆ; ನಮ್ಮ ಪಠ್ಯಗಳಲ್ಲೂ ನುಸುಳಿದೆ. ನಿಜವಾಗಿ ಎಸೆದಿರಲಿಲ್ಲ. 180 ಡಾಬ್ಸನ್ ಏಕಮಾನಕ್ಕಿಂತ ಕಡಿಮೆ ಬಂದದ್ದಕ್ಕೆ 'ಸಂಶಯಾಸ್ಪದ' ಎಂಬ ಗುರುತು ಬಿದ್ದಿತ್ತು, ಅಂಕಿ ಉಳಿದಿತ್ತು. ಉಳಿದಿದ್ದರಿಂದಲೇ, ಕುಸಿತ ಒಂದು ನೆಲೆಯ ಮೇಲಲ್ಲ, ಇಡೀ ಖಂಡದ ಮೇಲೆ ಎಂದು ಉಪಗ್ರಹದ ದತ್ತಾಂಶ ತೋರಿಸಲು ಸಾಧ್ಯವಾಯಿತು.

ಶಿರೂರಿನ ಮಳೆ ಯಾವ ದಿನದ್ದು?

ಸಮುದ್ರತಳದ ಕೆಸರು, ದೂರದ ಹವಾಯಿ ನಮಗೇಕೆ ಎಂದು ನೀವು ಕೇಳಬಹುದು. ಅದೇ ಅಳತೆಗೋಲನ್ನು ನಮ್ಮ ಮಳೆಯ ದತ್ತಾಂಶಕ್ಕೆ ಹಚ್ಚಿ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯವರೆಗೆ ಜಾರಿತು. ಇಂಥ ಕುಸಿತಗಳಿಗೆ ಎಷ್ಟು ಮಳೆ ಎಷ್ಟು ಹೊತ್ತಿನಲ್ಲಿ ಬಿದ್ದರೆ ಅಪಾಯ ಎಂಬ ಮಿತಿಯನ್ನು ಕಂಡುಹಿಡಿಯಲು ಹಲವರು ಯತ್ನಿಸುತ್ತಿದ್ದಾರೆ. ಮುನ್ನೆಚ್ಚರಿಕೆ ಕೊಡುವುದು ಆ ಮಿತಿಯನ್ನು ಆಧರಿಸಿಯೇ. ಹಾಗಾದರೆ ಜುಲೈ 16ರ ಮಳೆ ಎಷ್ಟು?

ಭಾರತ ಹವಾಮಾನ ಇಲಾಖೆಯ ರೂಢಿಯಲ್ಲಿ ಮಳೆಮಾಪಕವನ್ನು ಓದುವುದು ಬೆಳಿಗ್ಗೆ 8.30ಕ್ಕೆ. ಜುಲೈ 16 ಎಂದು ನಮೂದಾದ ಮಳೆ 15ರ ಬೆಳಿಗ್ಗೆ 8.30ರಿಂದ 16ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ನಾಸಾದ ಉಪಗ್ರಹ ಆಧಾರಿತ 'ಐಮರ್ಗ್' ದೈನಿಕ ಸಂಗ್ರಹದಲ್ಲಿ ದಿನ ಎಂದರೆ ಗ್ರೀನಿಚ್ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ನಮ್ಮ ಗಡಿಯಾರದಲ್ಲಿ 16ರ ಬೆಳಿಗ್ಗೆ 5.30ರಿಂದ 17ರ ಬೆಳಿಗ್ಗೆ 5.30. ಎರಡು ಕಡತಗಳಲ್ಲೂ ದಿನಾಂಕ ಒಂದೇ, ಆದರೆ ಎರಡಕ್ಕೂ ಸಮಾನವಾದ ಹೊತ್ತು ಬರೀ ಮೂರು ಗಂಟೆ! ಐಮರ್ಗ್‌ನ 16ರ ಅಂಕಿಯಲ್ಲಿ ಬಹುಪಾಲು ಗುಡ್ಡ ಕುಸಿದ ಮೇಲೆ ಬಿದ್ದ ಮಳೆ. ಅದನ್ನು ಕಾರಣವೆಂದು ಹಿಡಿದು ಮಿತಿ ಕಟ್ಟಿದರೆ, ಸತ್ತ ಮೇಲೆ ಜ್ವರ ಅಳೆದು ರೋಗ ನಿರ್ಣಯಿಸಿದ ಹಾಗೆ. ಇಲಾಖೆಯ 16ಕ್ಕೆ ಹೋಲಿಸಬೇಕಾದದ್ದು ಐಮರ್ಗ್‌ನ 15. ಅಲ್ಲಿ 21 ಗಂಟೆ ಹೊಂದುತ್ತದೆ. ಇನ್ನೂ ಒಳ್ಳೆಯದೆಂದರೆ ಅದರ ಅರ್ಧ ಗಂಟೆಯ ಕಡತಗಳನ್ನೇ ಕೂಡಿಸಿಕೊಳ್ಳುವುದು. 'ಐಮರ್ಗ್' ಎಂದಷ್ಟೇ ಹೇಳಿದರೂ ಸಾಲದು. ಅದರಲ್ಲಿ ಅರ್ಲಿ, ಲೇಟ್, ಫೈನಲ್ ಎಂಬ ಮೂರು ಬಗೆ. ಕೆಲವು ಗಂಟೆಗಳಲ್ಲಿ ಬರುವುದು ಮೊದಲನೆಯದು. ನೆಲದ ಮಳೆಮಾಪಕಗಳೊಂದಿಗೆ ಸರಿಹೊಂದಿಸಿದ ಕೊನೆಯದು ಬರಲು ತಿಂಗಳುಗಳೇ ಬೇಕು. ಮೇಲಾಗಿ ಆವೃತ್ತಿ 6, ಆವೃತ್ತಿ 7 ಎಂಬ ಭೇದ. ಇವುಗಳಿಗೆ ಬೇರೆ ಬೇರೆ ಡಿಒಐ ಕೊಟ್ಟಿರುವುದು ಸುಮ್ಮನೆ ಅಲ್ಲ.

ಇಲಾಖೆಯ ಪುಣೆ ಕಚೇರಿ ಕೊಡುವ, 1901ರಿಂದ ಆರಂಭವಾಗುವ ದೈನಿಕ ಮಳೆಯ ಚೌಕಜಾಲ ಸಂಗ್ರಹ ನಿಜಕ್ಕೂ ದೊಡ್ಡ ಕೊಡುಗೆ. 6,955 ಮಳೆಮಾಪನ ಕೇಂದ್ರಗಳ ದಾಖಲೆಗಳಿಂದ ಪೈ ಮತ್ತು ಸಂಗಡಿಗರು ಅದನ್ನು ರೂಪಿಸಿದ ವಿವರ 2014ರಲ್ಲಿ 'ಮೌಸಂ' ಪತ್ರಿಕೆಯಲ್ಲಿದೆ. ಉಚಿತವಾಗಿ ದೊರೆಯುತ್ತದೆ. ಆದರೆ ಅದರ ಹಳೆಯ ಮಾದರಿಯ ಬೈನರಿ ಕಡತದಲ್ಲಿ ಅಂಕಿಗಳ ಹೊರತು ಏನೂ ಇಲ್ಲ. ದಿನಕ್ಕೆ 135 ಅಡ್ಡ, 129 ಉದ್ದ ಅಂಕಿಗಳು, ಅಷ್ಟೆ. ಏಕಮಾನ, ದಿನದ ವ್ಯಾಖ್ಯೆ, ಅಕ್ಷಾಂಶ ಯಾವುದೂ ಒಳಗಿಲ್ಲ. ದತ್ತಾಂಶವಿಲ್ಲದ ಚೌಕಕ್ಕೆ ಮೈನಸ್ 999 ಎಂದು ತುಂಬಿರುತ್ತಾರೆ. ತಿಳಿಯದೆ ಒಂದು ದಿನದ್ದನ್ನು ಕೂಡಿಸಿಕೊಂಡರೂ ತಿಂಗಳ ಮಳೆ ಒಂದು ಮೀಟರು ಇಳಿದುಬಿಡುತ್ತದೆ. ವಿವರಗಳನ್ನು ಒಳಗೇ ಹೊತ್ತಿರುವ ನೆಟ್‌ಸಿಡಿಎಫ್ ಕಡತವೂ ಅಲ್ಲೇ ಸಿಗುತ್ತದೆ, ಅದನ್ನೇ ಬಳಸಿ. ಇನ್ನೊಂದು ಮಾತು: ಇಲ್ಲಿ ಒಂದು ಚೌಕ ಎಂದರೆ ಸುಮಾರು 27 ಕಿಲೋಮೀಟರು. ಕರಾವಳಿ, ಘಟ್ಟದ ಬುಡ, ಇಳಿಜಾರು ಎಲ್ಲಕ್ಕೂ ಸೇರಿ ಒಂದೇ ಅಂಕಿ. ಶಿರೂರಿನ ಆ ಒಂದು ಗುಡ್ಡದ ಮೇಲೆ ಎಷ್ಟು ಬಿತ್ತು ಎಂಬುದಕ್ಕೆ ಅದು ಉತ್ತರವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತಿದೆ. ಅವುಗಳ ಹಿಂದಿನ ವರ್ಷಗಳ ದಾಖಲೆ ವರ್ಷಕ್ಕೊಂದು ಆವೃತ್ತಿಯಾಗಿ, ಡಿಒಐ ಸಮೇತ ಹೊರಬಂದರೆ ಘಟ್ಟದ ಕುಸಿತಗಳ ಅಧ್ಯಯನಕ್ಕೆ ಆಗುವ ಉಪಕಾರ ದೊಡ್ಡದು.

ಲೇಖನವನ್ನಷ್ಟೇ ಉಲ್ಲೇಖಿಸಿದರೆ ಸಾಲದೇ, ದತ್ತಾಂಶವನ್ನು ಬೇರೆಯಾಗಿ ಹೆಸರಿಸಬೇಕೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎರಡೂ ಬೇಕು. ಪೈ ಅವರ ಲೇಖನ ವಿಧಾನವನ್ನು ಹೇಳುತ್ತದೆ; ನೀವು ಬಳಸಿದ 2024ರ ಕಡತ 2014ರ ಲೇಖನದಲ್ಲಿ ಇರಲು ಸಾಧ್ಯವಿಲ್ಲ. ಡಿಒಐ ಇಲ್ಲದ ಸಂಗ್ರಹಕ್ಕೆ ಸಂಸ್ಥೆ, ಸಂಗ್ರಹದ ಪೂರ್ಣ ಹೆಸರು, ಚೌಕದ ಅಳತೆ, ಕಡತದ ಬಗೆ, ಇಳಿಸಿಕೊಂಡ ದಿನಾಂಕ ಬರೆಯಿರಿ. ಇಳಿಸಿಕೊಂಡ ಮೂಲ ಕಡತವನ್ನು ತಿದ್ದದೆ ಒಂದು ಪ್ರತಿ ತೆಗೆದಿಡಿ.

ಕನ್ನಡದಲ್ಲಿ ವರದಿ ಬರೆಯುವವರಿಗೆ ಒಂದು ತಾಂತ್ರಿಕ ಸೂಚನೆ. ಲೇಖಕರ ಹೆಸರು, ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು, ತೊಂದರೆಯಿಲ್ಲ. ಡಿಒಐಯನ್ನು ಮಾತ್ರ ಲಿಪ್ಯಂತರ ಮಾಡಬೇಡಿ, ಕನ್ನಡ ಅಂಕಿಗಳಲ್ಲೂ ಬರೆಯಬೇಡಿ. ಮೂಲ ಪುಟದಿಂದ ಹಾಗೆಯೇ ನಕಲು ಮಾಡಿ. ಸಾಲಿನ ಕೊನೆಯಲ್ಲಿ ಪೂರ್ಣವಿರಾಮ ಇಟ್ಟರೆ ಆ ಚುಕ್ಕೆಯೂ ಗುರುತಿಗೆ ಅಂಟಿಕೊಂಡು ಕೊಂಡಿ ತೆರೆಯದೆ ಹೋಗುವುದುಂಟು. ಅಲ್ಲೊಂದು ಕಡೆ ವ್ಯಾಕರಣವನ್ನು ಬಿಟ್ಟುಬಿಡಿ.